ಸೆರೆಯಲ್ಲಿರುವ ಸಹೋದರಿಯ ಮಾತನ್ನು ಕೇಳಿಸಿಕೊಳ್ಳುವವರಾರು?

ಪ್ರತಿ ವರ್ಷ ಆಗಸ್ಟ್ ತಿಂಗಳ ಎರಡನೆಯ ಭಾನುವಾರವನ್ನು ಭಾರತದ ಧರ್ಮಸಭೆಯು ಕಾರಾಗೃಹ ಸೇವೆಯ ಭಾನುವಾರವೆಂದು ಆಚರಿಸುತ್ತದೆ. ಆಶ್‌ವಿಟ್ಜ್ ಶಿಬಿರದಲ್ಲಿ ಮತ್ತೊಬ್ಬ ಬಂದಿಗೆ ಬದಲಾಗಿ ತಮ್ಮ ಪ್ರಾಣವನ್ನೊಪ್ಪಿಸಿ 1941ರ ಆಗಸ್ಟ್ 14ರಂದು ಮಡಿದ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಹಬ್ಬಕ್ಕೆ ಹೊಂದಿಕೊಂಡಂತೆ ಬರುವ ದಿನವಿದು. ಆ ದಿನ ನಮ್ಮ ದೇವಾಲಯಗಳಲ್ಲಿ ವಿಶ್ವಾಸಿಗಳ ಪ್ರಾರ್ಥನೆಯ ನಡುವೆ ಒಂದು ಬಿನ್ನಹ ಸೇರಿಕೊಳ್ಳುತ್ತದೆ. ಸೆರೆಯಲ್ಲಿರುವವರಿಗಾಗಿ ಪ್ರಾರ್ಥಿಸೋಣ ಎನ್ನುತ್ತೇವೆ. ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು ಎಂದು ಎಲ್ಲರೂ ಒಟ್ಟಾಗಿ ಹೇಳುತ್ತೇವೆ. ಕಾಣಿಕೆಯ ಗೀತೆ ಆರಂಭವಾಗುತ್ತದೆ. ಬಳಿಕ ಮುಂದಿನ ಆಗಸ್ಟ್‌ವರೆಗೆ ಆ ಜನರು ನಮ್ಮ ನೆನಪಿನಿಂದ ಮರೆಯಾಗುತ್ತಾರೆ. ಈ ಮಾತನ್ನು ನಾನು ಓದುಗರನ್ನು ದೂಷಿಸಲೆಂದು ಬರೆಯುತ್ತಿಲ್ಲ. ಆ ಬಿನ್ನಹವನ್ನು ಹಲವು ವರ್ಷ ಬರೆದುಕೊಟ್ಟವನೂ, ಅಷ್ಟೇ ಬೇಗ ಮರೆತವನೂ ನಾನೇ.

ಈ ಬಾರಿ ಮರೆಯಲಾಗದಂತೆ ಮಾಡಿದ ಒಂದು ಪ್ರಸಂಗ ನಡೆಯಿತು. ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಸಂಜೆಯ ಪೂಜೆ ಮುಗಿದ ಮೇಲೆ ಕಚೇರಿಗೆ ಬಂದು ಕುಳಿತರು. ಅವರ ಮಗಳು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಾಳೆ. ಅಂತಿಮ ವರ್ಷದ ಪ್ರಬಂಧಕ್ಕಾಗಿ ಅವಳು ಆರಿಸಿಕೊಂಡ ವಿಷಯ, ಕಾರಾಗೃಹದಲ್ಲಿರುವ ಮಹಿಳೆಯರ ಸ್ಥಿತಿಗತಿ. ಇಲಾಖೆಗೆ ಅರ್ಜಿ ಹೋಗಿದೆ. ಅನುಮತಿ ದೊರೆತರೆ ವಾರಕ್ಕೆ ಎರಡು ದಿನ ಅವಳು ಮಹಿಳಾ ವಿಭಾಗಕ್ಕೆ ಹೋಗಿ ಬಂದಿನಿಯರೊಡನೆ ಮಾತನಾಡಬೇಕು. “ಫಾದರ್, ಓದಿ ಒಂದು ಕೆಲಸ ಹಿಡಿಯಲಿ ಅಂತ ಕಳಿಸಿದೆವು. ಇವಳು ನೋಡಿದರೆ ಜೈಲಿಗೆ ಹೋಗುತ್ತೇನೆ ಅನ್ನುತ್ತಾಳೆ. ನಾಳೆ ಸಂಬಂಧ ಕೇಳಿಕೊಂಡು ಬಂದವರಿಗೆ ನಾನು ಏನಂತ ಹೇಳಲಿ? ನೀವಾದರೂ ಸ್ವಲ್ಪ ಬುದ್ಧಿ ಹೇಳಿ” ಎಂದರು.

ಆ ತಾಯಿಯ ಅಳಲು ನನಗೆ ಅರ್ಥವಾಯಿತು. ನಿಜ ಹೇಳಬೇಕೆಂದರೆ ಅವರ ಪರವಾಗಿಯೇ ನನ್ನ ಮನಸ್ಸು ಮೊದಲು ವಾಲಿತು. ಬೇರೆ ವಿಷಯಗಳಿಲ್ಲವೇ? ವೃದ್ಧಾಶ್ರಮವಿದೆ, ಅಂಗನವಾಡಿಯಿದೆ, ಸ್ವಸಹಾಯ ಸಂಘಗಳಿವೆ. ಇಷ್ಟೆಲ್ಲ ಇರುವಾಗ ಈ ಹುಡುಗಿ ಅಲ್ಲಿಗೇ ಏಕೆ ಹೋಗಬೇಕು? ಮಾರನೆಯ ದಿನ ಅವಳನ್ನು ಕರೆಸಿ ಈ ಪ್ರಶ್ನೆಯನ್ನೇ ಕೇಳಿದೆ. ಅವಳು ವಾದ ಮಾಡಲಿಲ್ಲ. “ಫಾದರ್, ಅವರ ವಿಷಯ ನಮಗೆ ಗೊತ್ತಿರುವುದೆಲ್ಲ ಯಾರೋ ಒಬ್ಬರು ಹೋಗಿ ಕೇಳಿದ್ದರಿಂದ ಗೊತ್ತಾದದ್ದು” ಎಂದಳು. ಆ ಉತ್ತರ ಎಷ್ಟರ ಮಟ್ಟಿಗೆ ಸತ್ಯವೆಂಬುದನ್ನು ಪರಿಶೀಲಿಸಲು ಹೊರಟ ನಾನು, ಕೊನೆಗೆ ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಡಬೇಕಾಯಿತು.

ನಮ್ಮ ದೇಶದ ಅನುಭವವನ್ನೇ ನೋಡೋಣ. 1979ರ ಆರಂಭದಲ್ಲಿ ಬಿಹಾರದ ಸೆರೆಮನೆಗಳ ಬಗ್ಗೆ ಪತ್ರಿಕೆಯಲ್ಲಿ ಲೇಖನಗಳು ಪ್ರಕಟವಾದವು. ಅವುಗಳ ಆಧಾರದ ಮೇಲೆ ವಕೀಲೆ ಕಪಿಲಾ ಹಿಂಗೋರಾಣಿಯವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಹುಸೈನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಆ ವಿಚಾರಣೆಯಲ್ಲಿ, ಮಾಡಿದರೆನ್ನಲಾದ ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಕಥೆ ಹೊರಬಿತ್ತು. ಅದಕ್ಕಿಂತಲೂ ಮನ ಕಲಕುವ ಸಂಗತಿ ಇನ್ನೊಂದಿತ್ತು. ಯಾವ ಅಪರಾಧವನ್ನೂ ಮಾಡದ ಸ್ತ್ರೀಯರು, ಅಂದರೆ ಅನ್ಯಾಯಕ್ಕೆ ಗುರಿಯಾದವರು ಮತ್ತು ಸಾಕ್ಷಿ ಹೇಳಬೇಕಾದವರು, ರಕ್ಷಣೆಯ ಹೆಸರಿನಲ್ಲಿ ಸೆರೆಮನೆಯೊಳಗೆ ಇಡಲ್ಪಟ್ಟಿದ್ದರು. ಅವರನ್ನು ಬಿಡುಗಡೆ ಮಾಡಿ ಕಲ್ಯಾಣ ಗೃಹಗಳಿಗೆ ಕಳುಹಿಸುವಂತೆ ನ್ಯಾಯಾಲಯ ಆಜ್ಞಾಪಿಸಬೇಕಾಯಿತು. ಯಾರಾದರೂ ಒಳಗೆ ಹೋಗಿ ‘ಅಮ್ಮಾ, ನೀನು ಇಲ್ಲಿರುವುದೇಕೆ?’ ಎಂದು ಕೇಳಿದ್ದರೆ ಎಷ್ಟೋ ಮೊದಲೇ ತಿಳಿಯಬಹುದಾಗಿದ್ದ ವಿಷಯವಿದು.

ಮೂರು ವರ್ಷಗಳ ಬಳಿಕ ಒಬ್ಬ ಸ್ತ್ರೀ ಹಾಗೆಯೇ ಹೋಗಿ ಕೇಳಿದರು. ಪತ್ರಕರ್ತೆ ಶೀಲಾ ಬಾರ್ಸೆಯವರು ಕಾರಾಗೃಹಗಳ ಮಹಾನಿರೀಕ್ಷಕರ ಅನುಮತಿ ಪಡೆದು 1982ರ ಮೇ 11ರಿಂದ 17ರವರೆಗೆ ಬೊಂಬಾಯಿಯ ಕೇಂದ್ರ ಕಾರಾಗೃಹದಲ್ಲಿ ಹದಿನೈದು ಮಂದಿ ಮಹಿಳಾ ಬಂದಿಗಳನ್ನು ಸಂದರ್ಶಿಸಿದರು. ಅವರಲ್ಲಿ ಐವರು, ಪೊಲೀಸ್ ಲಾಕಪ್ಪಿನಲ್ಲಿದ್ದಾಗ ತಮ್ಮ ಮೇಲೆ ಹಲ್ಲೆ ನಡೆಯಿತೆಂದು ಹೇಳಿದರು. ಬಾರ್ಸೆಯವರು ಇದನ್ನು ಪತ್ರದ ಮೂಲಕ ಸುಪ್ರೀಂ ಕೋರ್ಟಿನ ಗಮನಕ್ಕೆ ತಂದರು. ನ್ಯಾಯಾಲಯವು ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿತು.

ಇಲ್ಲಿಂದ ಮುಂದೆ ನಡೆದುದನ್ನು ಕಥೋಲಿಕ ಓದುಗರು ವಿಶೇಷವಾಗಿ ಗಮನಿಸಬೇಕು. ಈ ಆರೋಪಗಳ ಸತ್ಯಾಸತ್ಯತೆಯನ್ನು ತಿಳಿಯಲು ನ್ಯಾಯಾಲಯ ಯಾವ ಪೊಲೀಸ್ ಅಧಿಕಾರಿಯನ್ನೂ ಕಳುಹಿಸಲಿಲ್ಲ. ಬೊಂಬಾಯಿಯ ನಿರ್ಮಲಾ ನಿಕೇತನ ಸಮಾಜಕಾರ್ಯ ಕಾಲೇಜಿನ ನಿರ್ದೇಶಕಿಯಾಗಿದ್ದ ಡಾಕ್ಟರ್ ಎ.ಆರ್. ದೇಸಾಯಿಯವರಿಗೆ ಆ ಹೊಣೆಯನ್ನು ವಹಿಸಿತು. 1955ರಲ್ಲಿ ಆ ಕಾಲೇಜನ್ನು ಸ್ಥಾಪಿಸಿದವರು ಮಾತೆ ಮರಿಯಮ್ಮನವರ ಹೃದಯದ ಪುತ್ರಿಯರು ಎಂಬ ಕನ್ಯಾಸ್ತ್ರೀಯರ ಸಭೆಯವರು. ನಿರ್ದೇಶಕಿಯವರು ಕಾರಾಗೃಹಕ್ಕೆ ಹೋಗಬೇಕು, ಅಲ್ಲಿನ ಮಹಿಳಾ ಬಂದಿಗಳನ್ನು ಸಂದರ್ಶಿಸಬೇಕು, ಸಂದರ್ಶನದ ವೇಳೆ ಬೇರೆ ಯಾರೂ ಅಲ್ಲಿ ಇರಕೂಡದು, ಕಂಡುದನ್ನು ವರದಿಯಾಗಿ ಸಲ್ಲಿಸಬೇಕು ಎಂಬುದು ಆದೇಶವಾಗಿತ್ತು. ಬೇರೆ ಯಾರೂ ಇರಕೂಡದು ಎಂಬ ಷರತ್ತು ಚಿಕ್ಕದಾಗಿ ಕಂಡರೂ ಅದರಲ್ಲಿ ದೊಡ್ಡ ತಿಳಿವಳಿಕೆಯಿದೆ. ಬೀಗದ ಕೈ ಹಿಡಿದವರ ಮುಂದೆ ನಿಲ್ಲಿಸಿ ‘ನಿನಗೆ ಇಲ್ಲಿ ಏನಾದರೂ ತೊಂದರೆಯಿದೆಯೇ?’ ಎಂದು ಕೇಳಿದರೆ ‘ಏನೂ ಇಲ್ಲ’ ಎಂಬುದೊಂದೇ ಉತ್ತರ ಸಾಧ್ಯ.

ಮಹಿಳಾ ಬಂದಿಗಳಿಗೆ ಕಾನೂನಿನ ನೆರವು ದೊರೆಯುವ ಸಮರ್ಪಕ ಏರ್ಪಾಡೇ ಅಲ್ಲಿಲ್ಲವೆಂದು ಆ ವರದಿ ತಿಳಿಸಿತು. ನೆರವಿನ ಹೆಸರಿನಲ್ಲಿ ವಕೀಲನೊಬ್ಬ ತಮ್ಮನ್ನು ವಂಚಿಸಿದನೆಂದು ಇಬ್ಬರು ವಿದೇಶೀ ಬಂದಿನಿಯರು ಹೇಳಿದ್ದೂ ಅದರಲ್ಲಿತ್ತು. 1983ರ ಫೆಬ್ರವರಿ 15ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಬರೆದ ತೀರ್ಪು ಹೊರಬಂದಿತು. ಸ್ತ್ರೀಯರಿಗಾಗಿಯೇ ಪ್ರತ್ಯೇಕ ಲಾಕಪ್ಪುಗಳಿರಬೇಕು, ಅವುಗಳನ್ನು ಮಹಿಳಾ ಪೇದೆಗಳೇ ಕಾಯಬೇಕು. ಸ್ತ್ರೀಯರ ವಿಚಾರಣೆ ಮಹಿಳಾ ಪೊಲೀಸರ ಸಮ್ಮುಖದಲ್ಲೇ ನಡೆಯಬೇಕು. ಬಂಧಿತರ ಹಕ್ಕುಗಳನ್ನು ಮರಾಠಿ, ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಮುದ್ರಿಸಿ ಲಾಕಪ್ಪಿನ ಪ್ರತಿ ಕೋಣೆಯಲ್ಲೂ ಅಂಟಿಸಬೇಕು. ಬಂಧನವಾದ ಕೂಡಲೇ ಸಮೀಪದ ಕಾನೂನು ನೆರವು ಸಮಿತಿಗೂ ಬಂಧಿತರು ಹೇಳಿದ ಬಂಧುವಿಗೋ ಸ್ನೇಹಿತರಿಗೋ ತಿಳಿಸಬೇಕು. ನ್ಯಾಯಾಧೀಶರು ಮುನ್ಸೂಚನೆಯಿಲ್ಲದೆ ಲಾಕಪ್ಪುಗಳಿಗೆ ಭೇಟಿ ನೀಡಬೇಕು. ಹಾಜರುಪಡಿಸಿದ ವ್ಯಕ್ತಿಗೆ ಹಿಂಸೆಯಾಗಿದೆಯೇ ಎಂದು ಮ್ಯಾಜಿಸ್ಟ್ರೇಟರು ಕೇಳಿ, ವೈದ್ಯಕೀಯ ತಪಾಸಣೆಯ ಹಕ್ಕನ್ನು ತಿಳಿಸಬೇಕು. ಮಹಾರಾಷ್ಟ್ರಕ್ಕೆ ನೀಡಿದ ಈ ನಿರ್ದೇಶನಗಳು ಮುಂದೆ ದೇಶದ ಬಂಧನ ಕಾನೂನಿನ ಬೆಳವಣಿಗೆಗೆ ಬುನಾದಿಯಾದವು. ಹದಿನೈದು ಮಂದಿಯ ಮಾತು ಮತ್ತು ಒಬ್ಬ ಸಮಾಜಕಾರ್ಯ ಶಿಕ್ಷಕಿಯ ವರದಿ, ಇವೆರಡೇ ಅದಕ್ಕೆ ಮೂಲ. ಇಂದು ನಮ್ಮ ಮನೆಯ ಹೆಣ್ಣುಮಗಳೊಬ್ಬಳನ್ನು ಯಾವುದೋ ತಪ್ಪು ದೂರಿನ ಮೇಲೆ ಠಾಣೆಗೆ ಕರೆದೊಯ್ದರೆ ಅವಳ ಬೆನ್ನಿಗೆ ನಿಲ್ಲುವ ರಕ್ಷಣೆಗಳು, ನಾವು ಹೆಸರನ್ನೂ ಕೇಳದ ಆ ಬಂದಿನಿಯರು ಬಾಯಿಬಿಟ್ಟು ಮಾತನಾಡಿದ್ದರ ಫಲವೂ ಹೌದು.

ನಮ್ಮ ರಾಜ್ಯಕ್ಕೂ ಇಂಥ ಒಂದು ನೆನಪಿದೆ. ‘ಸಂಸ್ಕಾರ’ ಚಲನಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ವಹಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ವಿಚಾರಣೆಯಿಲ್ಲದೆ ಇಡಲಾಗಿತ್ತು. ಉಬ್ಬಸದಿಂದ ಬಳಲುತ್ತಿದ್ದ ಅವರು 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಒಳಗಿದ್ದಾಗ ಅವರು ಬರೆದಿಟ್ಟ ದಿನಚರಿ ಅದೇ ವರ್ಷ ಪ್ರಕಟವಾಯಿತು. ಆ ಕಾರಾಗೃಹ ಈಗ ಸ್ವಾತಂತ್ರ್ಯ ಉದ್ಯಾನವಾಗಿದೆ. ಅಲ್ಲಿ ಮಕ್ಕಳು ಆಡುತ್ತಾರೆ, ಸಂಘಟನೆಗಳು ಧರಣಿ ಕೂರುತ್ತವೆ. ಓದುಬರಹ ಬಲ್ಲ, ಹೆಸರಿದ್ದ ಒಬ್ಬ ಸ್ತ್ರೀ ಬರೆದಿಟ್ಟದ್ದರಿಂದ ಆ ಗೋಡೆಗಳ ಒಳಗಿನ ಒಂದಿಷ್ಟು ಬದುಕು ಉಳಿಯಿತು. ಅಕ್ಷರ ಬಾರದೆ ಅಲ್ಲಿಯೇ ವರ್ಷಗಳನ್ನು ಕಳೆದ ಇತರರ ದಿನಚರಿಯನ್ನು ಯಾರು ಬರೆದರು?

ಇಂದಿನ ಸ್ಥಿತಿಗೆ ಬರೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಕಾರ್ಯಾಲಯದ ಪ್ರಕಾರ 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿ 5,73,220 ಬಂದಿಗಳಿದ್ದರು. ಅವರಲ್ಲಿ ಸ್ತ್ರೀಯರು 23,772, ಅಂದರೆ ನೂರಕ್ಕೆ ಸುಮಾರು ನಾಲ್ವರು. ಒಟ್ಟು ಬಂದಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ವಿಚಾರಣಾಧೀನರು. ನ್ಯಾಯಾಲಯ ಇನ್ನೂ ಅವರನ್ನು ಅಪರಾಧಿಗಳೆಂದು ಹೇಳಿಲ್ಲ. 1,537 ತಾಯಂದಿರೊಡನೆ 1,764 ಮಕ್ಕಳು ಕಾರಾಗೃಹದೊಳಗೇ ಬದುಕುತ್ತಿದ್ದರು.

ಸಂಖ್ಯೆ ಕಡಿಮೆಯಿದ್ದರೆ ಕಷ್ಟವೂ ಕಡಿಮೆಯೆಂದು ನಾವು ಎಣಿಸಬಹುದು. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಸ್ತ್ರೀಯರು ಕಡಿಮೆಯಿರುವುದರಿಂದಲೇ ಅವರಿಗೆಂದು ಕಟ್ಟಿದ ಸೆರೆಮನೆಗಳು ವಿರಳ. ಬಹುಪಾಲು ಸ್ತ್ರೀಯರನ್ನು ಪುರುಷರ ಸೆರೆಮನೆಯ ಒಂದು ಮೂಲೆಯಲ್ಲಿ ಗೋಡೆ ಎಬ್ಬಿಸಿ ಮಾಡಿದ ವಿಭಾಗದಲ್ಲಿ ಇರಿಸಲಾಗುತ್ತದೆ. ಗ್ರಂಥಾಲಯ, ಕಸುಬಿನ ಶಾಲೆ, ಆಸ್ಪತ್ರೆ, ಆಟದ ಬಯಲು ಇವೆಲ್ಲ ಸಾಮಾನ್ಯವಾಗಿ ಗೋಡೆಯ ಆಚೆಯ ಬದಿಗಿರುತ್ತವೆ. ಪ್ರತ್ಯೇಕ ಮಹಿಳಾ ಕಾರಾಗೃಹಕ್ಕೆ ಕಳುಹಿಸಿದರೆ ಅದು ಊರಿನಿಂದ ಬಲು ದೂರ. ಬಸ್ಸಿನ ಖರ್ಚಿಗೇ ಕೂಲಿ ಸಾಲದ ಮನೆಯವರು ಎಷ್ಟು ಸಲ ಬಂದಾರು? ಗಂಡಸು ಸೆರೆಮನೆಗೆ ಹೋದರೆ ಹೆಂಡತಿಯೋ ತಾಯಿಯೋ ಬುತ್ತಿ ಕಟ್ಟಿಕೊಂಡು ಬಂದು ಸರದಿಯಲ್ಲಿ ನಿಲ್ಲುತ್ತಾಳೆ. ಹೆಂಗಸು ಹೋದರೆ ಅವಳಿಗಾಗಿ ಹಾಗೆ ನಿಲ್ಲುವವರು ಅಪರೂಪ. ಅವಳ ಹೆಸರನ್ನು ಮನೆಯಲ್ಲಿ ಎತ್ತುವುದೇ ನಿಂತುಹೋಗುತ್ತದೆ.

ಮಕ್ಕಳ ವಿಷಯದಲ್ಲಿ ಸುಪ್ರೀಂ ಕೋರ್ಟು 2006ರ ಏಪ್ರಿಲ್ 13ರಂದು ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ವಿವರವಾದ ಮಾರ್ಗಸೂಚಿಗಳನ್ನು ನೀಡಿತು. ಆರು ವರ್ಷ ತುಂಬುವವರೆಗೆ ಮಗು ತಾಯಿಯೊಡನೆ ಇರಬಹುದು. ಅದನ್ನು ವಿಚಾರಣಾಧೀನನಂತೆಯಾಗಲಿ ಅಪರಾಧಿಯಂತೆಯಾಗಲಿ ಕಾಣಕೂಡದು. ಅದಕ್ಕೆ ತಕ್ಕ ಆಹಾರ, ಬಟ್ಟೆ, ಚಿಕಿತ್ಸೆ, ಶಿಶುವಿಹಾರ ದೊರೆಯಬೇಕು. ಸಾಧ್ಯವಾದ ಕಡೆಗಳಲ್ಲೆಲ್ಲ ಹೆರಿಗೆ ಹೊರಗಿನ ಆಸ್ಪತ್ರೆಯಲ್ಲಿ ಆಗಬೇಕು. ಒಂದು ವೇಳೆ ಒಳಗೇ ಜನಿಸಿದರೂ ಜನನ ದಾಖಲೆಯಲ್ಲಿ ಸೆರೆಮನೆಯೆಂದು ನಮೂದಿಸದೆ ಆ ಬಡಾವಣೆಯ ವಿಳಾಸವನ್ನಷ್ಟೇ ಬರೆಯಬೇಕು. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸನ್ನು ಪ್ರತಿ ಡಿಸೆಂಬರಿನಲ್ಲೂ ಗೋದಲಿಯಲ್ಲಿಟ್ಟು ಆರಾಧಿಸುವ ನಮಗೆ, ಹುಟ್ಟಿದ ಜಾಗದ ಕಳಂಕ ಮಗುವಿಗೆ ಅಂಟಬಾರದೆಂಬ ಈ ಕಾಳಜಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟನ್ನೆಲ್ಲ ಓದಿದ ಮೇಲೆ ಆ ಹುಡುಗಿಯ ಕೆಲಸ ಅಗತ್ಯವಾದುದೆಂದು ನನಗೆ ಮನದಟ್ಟಾಯಿತು. ಅಗತ್ಯವಾದ ಕೆಲಸವನ್ನೂ ತಪ್ಪಾಗಿ ಮಾಡಬಹುದು ಎಂಬ ಇನ್ನೊಂದು ಆತಂಕ ಆಗಲೇ ಹುಟ್ಟಿಕೊಂಡಿತು. ತತ್ವಶಾಸ್ತ್ರದ ತರಗತಿಯಲ್ಲಿ ಕುಳಿತಿದ್ದ ದಿನಗಳು ನೆನಪಾದವು. ಇಚ್ಛೆಯಿಂದ ಮಾಡಿದ ಕೃತ್ಯ ಯಾವುದು, ಇಚ್ಛೆಗೆ ವಿರುದ್ಧವಾದುದು ಯಾವುದು ಎಂಬ ಪ್ರಶ್ನೆಯನ್ನು ಚರ್ಚಿಸುವಾಗ ಅರಿಸ್ಟಾಟಲನು ಒಂದು ಉದಾಹರಣೆ ಕೊಡುತ್ತಾನೆ. ಬಿರುಗಾಳಿಗೆ ಸಿಕ್ಕ ಹಡಗಿನ ನಾವಿಕ ತನ್ನ ಸರಕನ್ನೆಲ್ಲ ಸಮುದ್ರಕ್ಕೆ ಎಸೆಯುತ್ತಾನೆ. ಅವನ ಕೈಯನ್ನು ಹಿಡಿದು ಯಾರೂ ಎಸೆಸಲಿಲ್ಲ. ಆದರೂ ಬಿರುಗಾಳಿಯಿಲ್ಲದಿದ್ದರೆ ಅವನು ಹಾಗೆ ಮಾಡುತ್ತಿರಲಿಲ್ಲ. ಸಂತ ತೋಮಸ್ ಅಕ್ವಿನಾಸರೂ ಭಯದಿಂದ ಮಾಡುವ ಕೃತ್ಯಗಳನ್ನು ವಿವೇಚಿಸುವಾಗ ಇದೇ ಉದಾಹರಣೆಯನ್ನು ಎತ್ತಿಕೊಳ್ಳುತ್ತಾರೆ. ಸೆರೆಯಲ್ಲಿರುವ ಸ್ತ್ರೀ ಸಂಶೋಧಕಿಯ ಪ್ರಶ್ನೆಗೆ ‘ಆಗಲಿ, ಹೇಳುತ್ತೇನೆ’ ಎನ್ನುವಾಗ ಅವಳ ಸುತ್ತಲೂ ಬಿರುಗಾಳಿಯಿದೆ. ಈ ಹುಡುಗಿಯಿಂದ ಜಾಮೀನು ಸಿಕ್ಕೀತೆಂಬ ಆಸೆಯಿಂದ ಅವಳು ಒಪ್ಪಿರಬಹುದು. ನಿರಾಕರಿಸಿದರೆ ಅಧಿಕಾರಿಗಳು ಮುನಿದಾರೆಂಬ ಅಂಜಿಕೆಯಿಂದ ಒಪ್ಪಿರಬಹುದು. ಎಷ್ಟೋ ತಿಂಗಳಿಂದ ಪಕ್ಕದಲ್ಲಿ ಕುಳಿತು ಮಾತನಾಡಿಸಿದವರೇ ಇಲ್ಲದ್ದರಿಂದಲೂ ಒಪ್ಪಿರಬಹುದು. ಇಂಥ ಒಪ್ಪಿಗೆಯನ್ನು ಎಷ್ಟರ ಮಟ್ಟಿಗೆ ಒಪ್ಪಿಗೆಯೆನ್ನಬೇಕು?

ನಮ್ಮ ನ್ಯಾಯಾಲಯವೂ ಈ ಸೂಕ್ಷ್ಮವನ್ನು ಅರಿಯದೆ ಇರಲಿಲ್ಲ. ಶೀಲಾ ಬಾರ್ಸೆಯವರಿಗೆ ಕೊಟ್ಟಿದ್ದ ಸಂದರ್ಶನದ ಅನುಮತಿಯನ್ನು ಅಧಿಕಾರಿಗಳು ಮುಂದೆ ಹಿಂತೆಗೆದುಕೊಂಡಾಗ ಆ ವಿವಾದವೂ ಸುಪ್ರೀಂ ಕೋರ್ಟಿಗೆ ಹೋಯಿತು. ಸೆರೆಮನೆಯೊಳಗೆ ಏನು ನಡೆಯುತ್ತಿದೆಯೆಂದು ತಿಳಿಯುವ ಅವಕಾಶ ಹೊರಗಿನವರಿಗೆ ಇರಬೇಕು, ಆದರೆ ಅದು ತಕ್ಕ ನಿಯಮಗಳಿಗೆ ಒಳಪಟ್ಟಿರಬೇಕು ಎಂದು 1987ರಲ್ಲಿ ಅದು ಹೇಳಿತು. ಬಂದಿಗೆ ಮನಸ್ಸಿದ್ದರೆ ಮಾತ್ರ ಸಂದರ್ಶನ ನಡೆಯಬೇಕು, ಬಲವಂತ ಸಲ್ಲದು, ಧ್ವನಿಮುದ್ರಣಕ್ಕೆ ವಿಶೇಷ ಅನುಮತಿ ಬೇಕು ಎಂದು ಸ್ಪಷ್ಟಪಡಿಸಿತು. ಬಾಗಿಲು ತೆರೆದಿರಬೇಕು, ಆದರೆ ಅದರ ಮೂಲಕ ಒಳಹೋಗುವವರು ಚಪ್ಪಲಿ ಕಳಚಿಟ್ಟು ಹೋಗಬೇಕು ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ. 2010ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಬ್ಯಾಂಕಾಕ್ ನಿಯಮಗಳಲ್ಲಿ ಒಟ್ಟು ಎಪ್ಪತ್ತು ನಿಯಮಗಳಿವೆ. ಮಹಿಳಾ ಬಂದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ ಆ ನಿಯಮಗಳ ಕೊನೆಯ ಭಾಗ, ಅವರ ಬಗ್ಗೆ ಸಂಶೋಧನೆ ನಡೆಯಬೇಕೆಂದೂ ಅದರ ಫಲ ಅವರಿಗೂ ಅವರ ಮಕ್ಕಳಿಗೂ ತಲುಪಬೇಕೆಂದೂ ಒತ್ತಿ ಹೇಳುತ್ತದೆ.

ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಕೂಡದೆಂದು ಇಮ್ಯಾನುಯೆಲ್ ಕಾಂಟನು ಬೋಧಿಸಿದ. ದೇವರ ಪ್ರತಿರೂಪವಾಗಿ ಮನುಷ್ಯ ಸೃಷ್ಟಿಯಾಗಿದ್ದಾನೆಂದು ನಂಬುವ ನಮಗೆ ಈ ಮಾತು ಹೊಸದಲ್ಲ. ಪದವಿಗಾಗಿ ಒಬ್ಬಳ ಕಣ್ಣೀರನ್ನು ಬರೆದುಕೊಂಡು ಹೊರಬಂದು, ಅಂಕ ಪಡೆದು, ಅವಳನ್ನು ಮರೆತುಬಿಟ್ಟರೆ ಅಲ್ಲಿ ನಡೆದದ್ದೂ ಒಂದು ಬಗೆಯ ಕಳ್ಳತನವೇ. ಇದನ್ನು ಆ ಹುಡುಗಿಗೆ ಹೇಳಿದಾಗ ಅವಳು ತನ್ನ ಅಧ್ಯಾಪಕರು ವಿಧಿಸಿದ್ದ ನಿಯಮಗಳನ್ನು ತಿಳಿಸಿದಳು. ‘ನೀನು ಅಪರಾಧ ಮಾಡಿದೆಯಾ?’ ಎಂದು ಅವಳು ಕೇಳುವಂತಿಲ್ಲ. ಅದನ್ನು ತೀರ್ಮಾನಿಸುವುದು ನ್ಯಾಯಾಲಯ. ಯಾರ ನಿಜವಾದ ಹೆಸರನ್ನೂ ಊರನ್ನೂ ಬರೆಯುವಂತಿಲ್ಲ. ಬಿಡುಗಡೆಗೆ ಸಹಾಯ ಮಾಡುತ್ತೇನೆಂದು ಆಸೆ ತೋರಿಸುವಂತಿಲ್ಲ. ಮಾತಿನ ನಡುವೆ ಆ ಸ್ತ್ರೀ ಎದ್ದು ಹೋದರೆ ಕಾರಣ ಕೇಳುವಂತಿಲ್ಲ. ಕಾನೂನು ನೆರವು ಬೇಕೆಂದು ಯಾರಾದರೂ ಹೇಳಿದರೆ, ಅವರ ಒಪ್ಪಿಗೆಯಿದ್ದರೆ, ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸಲೇಬೇಕು. ಪಾಪನಿವೇದನೆಯ ಪೀಠದಲ್ಲಿ ಮೂರು ದಶಕಗಳ ಹತ್ತಿರ ಕುಳಿತಿರುವ ನನಗೆ, ಕೇಳಿಸಿಕೊಳ್ಳುವ ಶಿಸ್ತಿನ ಬಗ್ಗೆ ಆ ಇಪ್ಪತ್ತೆರಡರ ಹುಡುಗಿ ಪಾಠ ಹೇಳಿದಂತಾಯಿತು.

ಅನುಮತಿ ದೊರೆಯಿತು. ತಾಯಿಯೂ ಕೊನೆಗೆ ಒಪ್ಪಿದರು. ಎರಡು ತಿಂಗಳ ಬಳಿಕ ಅವಳು ಬಂದಾಗ, ಒಳಗೆ ಕೇಳಿದ ಕಥೆಗಳನ್ನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಮಾತನ್ನು ಮಾತ್ರ ಹೇಳಿದಳು. ಮೊದಲ ದಿನವೇ ವಯಸ್ಸಾದ ಒಬ್ಬ ಸ್ತ್ರೀ ಅವಳ ನೋಟ್ ಪುಸ್ತಕವನ್ನು ದಿಟ್ಟಿಸಿ ನೋಡಿ, “ಮಗಾ, ನೀನು ಬರಕೊಂಡಿದ್ದನ್ನ ಯಾರು ಓದ್ತಾರೆ?” ಎಂದು ಕೇಳಿದರಂತೆ. “ನಮ್ಮ ಮೇಡಂ ಓದುತ್ತಾರೆ” ಎಂದು ಇವಳು ಉತ್ತರಿಸಿದಾಗ, “ಅಷ್ಟೇನಾ?” ಎಂದು ಆಕೆ ಸುಮ್ಮನಾದರಂತೆ.

ಆ ‘ಅಷ್ಟೇನಾ’ ಎಂಬ ಪ್ರಶ್ನೆ ಸಂಶೋಧಕಿಗೆ ಮಾತ್ರ ಕೇಳಿದ್ದಲ್ಲವೆಂದು ನನಗನಿಸುತ್ತದೆ. ವರದಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ತಜ್ಞ ಸಮಿತಿ ಮಹಿಳಾ ಬಂದಿಗಳ ಬಗ್ಗೆಯೇ ಅಧ್ಯಯನ ನಡೆಸಿ 1987ರಲ್ಲಿ ವರದಿ ನೀಡಿತು. ಪೊಲೀಸ್ ಇಲಾಖೆಯಲ್ಲಿ ಹೆಚ್ಚು ಸ್ತ್ರೀಯರಿರಬೇಕೆಂಬುದು ಅದರ ಸಲಹೆಗಳಲ್ಲೊಂದು. 2018ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವೂ ಒಂದು ವರದಿಯನ್ನು ಹೊರತಂದಿತು. ಎರಡರ ನಡುವೆ ಮೂವತ್ತೊಂದು ವರ್ಷಗಳು ಕಳೆದಿವೆ. ಆದರೂ ಕಾನೂನು ನೆರವು, ಆರೋಗ್ಯ, ಮಕ್ಕಳು, ಬಿಡುಗಡೆಯ ನಂತರದ ಬದುಕು, ಇವೇ ಮತ್ತೆ ಮತ್ತೆ ಚರ್ಚೆಗೆ ಬರುತ್ತಿವೆ. ಓದಿ ಮುಗಿಸಿದವರು ಮುಂದೇನು ಮಾಡಿದರೆಂಬುದೇ ಈಗ ಕೇಳಬೇಕಾದ ಪ್ರಶ್ನೆ.

ಇಲ್ಲಿ ಕೆಲವು ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು, ಅದು ನ್ಯಾಯವಾದುದೇ. ಸೆರೆಯಲ್ಲಿರುವವರೆಲ್ಲ ನಿರಪರಾಧಿಗಳೇ? ಕೊಲೆಯಾದವನ ತಾಯಿಯ ದುಃಖವನ್ನು ಬರೆದುಕೊಳ್ಳಲು ಯಾವ ವಿದ್ಯಾರ್ಥಿನಿ ಹೋದಳು? ನಾನೂ ಅಂಥ ತಾಯಂದಿರ ಮನೆಗಳಲ್ಲಿ ಕುಳಿತಿದ್ದೇನೆ; ಅವರ ದುಃಖವನ್ನು ಹಗುರವಾಗಿ ಕಾಣುವ ಯಾವ ಕರುಣೆಯೂ ಕರುಣೆಯಲ್ಲ. ಅಪರಾಧ ಸಾಬೀತಾದವರು ಶಿಕ್ಷೆಯನ್ನು ಅನುಭವಿಸಲೇಬೇಕು. ಆದರೆ ನ್ಯಾಯಾಲಯ ವಿಧಿಸುವ ಶಿಕ್ಷೆ ಸ್ವಾತಂತ್ರ್ಯದ ಹರಣ. ಲಾಕಪ್ಪಿನ ಹೊಡೆತ, ಚಿಕಿತ್ಸೆಯಿಲ್ಲದ ರೋಗ, ವಕೀಲನ ಮೋಸ, ಮಗುವಿನ ಮೇಲೆ ಬೀಳುವ ಕಳಂಕ, ಇವು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಯಾರೂ ವಿಧಿಸದ ಆ ಹೆಚ್ಚುವರಿ ಶಿಕ್ಷೆಯಿಂದ ಸತ್ತವನ ತಾಯಿಗೂ ಯಾವ ಸಮಾಧಾನ ದೊರೆಯುವುದಿಲ್ಲ. ಇನ್ನು ವಿಚಾರಣೆಯೇ ಮುಗಿಯದವರ ವಿಷಯದಲ್ಲಂತೂ, ನಾವು ನ್ಯಾಯಾಧೀಶರಿಗಿಂತ ಮೊದಲೇ ತೀರ್ಪು ಕೊಡುವ ಅಧಿಕಾರವನ್ನು ಎಲ್ಲಿಂದ ಪಡೆದೆವು?

ನನ್ನ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳದೆ ಈ ಬರಹವನ್ನು ಮುಗಿಸಿದರೆ ಅದು ಪ್ರಾಮಾಣಿಕವಾಗದು. ಹಲವು ವರ್ಷಗಳ ಹಿಂದೆ, ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಒಬ್ಬ ಸ್ತ್ರೀ ನನ್ನಲ್ಲಿಗೆ ಬಂದಿದ್ದಳು. ಎರಡು ವರ್ಷಕ್ಕೂ ಹೆಚ್ಚು ಕಾಲ ವಿಚಾರಣಾಧೀನಳಾಗಿದ್ದು, ಆರೋಪ ಸಾಬೀತಾಗದೆ ಬಿಡುಗಡೆ ಹೊಂದಿದ್ದಳು. ಒಂದು ಕೋಣೆ ಬಾಡಿಗೆಗೆ ನೋಡಿದ್ದಳು. ಮನೆಯ ಮಾಲೀಕರು ನಮ್ಮವರೇ. ‘ಸ್ವಾಮಿಗಳಿಂದ ಒಂದು ಪತ್ರ ತಂದರೆ ಕೊಡುತ್ತೇವೆ’ ಎಂದಿದ್ದರು. ನ್ಯಾಯಾಲಯವೇ ಬಿಟ್ಟುಕೊಟ್ಟವಳಿಗೆ ಎರಡು ಸಾಲು ಬರೆದುಕೊಡಲು ನನಗೆ ಐದು ನಿಮಿಷ ಸಾಕಿತ್ತು. ನಾನು ಬರೆಯಲಿಲ್ಲ. ಜನ ಏನೆಂದಾರು, ನಾಳೆ ಏನಾದರೂ ಆದರೆ ನನ್ನ ಹೆಸರು ಬಂದೀತು ಎಂದು ಹಿಂಜರಿದೆ. ‘ಪಾಲನಾ ಸಮಿತಿಯಲ್ಲಿ ಮಾತನಾಡುತ್ತೇನಮ್ಮ, ಮುಂದಿನ ವಾರ ಬಾ’ ಎಂದೆ. ಅವಳು ‘ಆಗಲಿ ಸ್ವಾಮಿ’ ಎಂದು ಕೈಮುಗಿದು ಹೋದಳು. ಮುಂದಿನ ವಾರ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಎಲ್ಲಿಗೆ ಹೋದಳೆಂದು ವಿಚಾರಿಸುವಷ್ಟರಲ್ಲಿ ಆ ಊರಿನಲ್ಲಿ ಅವಳ ಸುಳಿವೇ ಇರಲಿಲ್ಲ. ಆ ಸಂಜೆ ನನ್ನ ಮುಂದೆ ಕುಳಿತ ತಾಯಿ ‘ಜನಕ್ಕೆ ಏನಂತ ಹೇಳಲಿ’ ಎಂದಾಗ ಅವರನ್ನು ಗದರಿಸುವ ಧೈರ್ಯ ನನಗೆ ಬಾರದಿದ್ದುದಕ್ಕೆ ಇದೇ ಕಾರಣ. ಅದೇ ಪ್ರಶ್ನೆಗೆ ಹೆದರಿ ನಾನು ಒಬ್ಬಳ ಮುಂದೆ ಬಾಗಿಲು ಮುಚ್ಚಿದ್ದೆ.

ಆದುದರಿಂದ ಪ್ರಿಯ ಓದುಗರಲ್ಲಿ ಕೆಲವು ಬಿನ್ನಹಗಳು. ಮೊದಲನೆಯದಾಗಿ, ಕಾನೂನು ನೆರವಿನ ತಿಳಿವಳಿಕೆ ನಮ್ಮ ಮನೆಗಳಿಗೆ ಬರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ವಿಧಿಯಂತೆ ಯಾವ ಸ್ತ್ರೀಯಾದರೂ, ಅವಳ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹಳು. ಬಂಧನದಲ್ಲಿರುವ ಯಾರೇ ಆದರೂ ಅರ್ಹರು. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೂ ಜಿಲ್ಲಾ ಪ್ರಾಧಿಕಾರದ ಕಚೇರಿಯಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ವಿಧಿಯಂತೆ, ಈ ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಪಾಗದವರು ತಮ್ಮ ಮೇಲಿರುವ ಆರೋಪದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣಾಧೀನರಾಗಿಯೇ ಕಳೆದಿದ್ದರೆ ಬಿಡುಗಡೆಗೆ ಅವಕಾಶವಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಆರೋಪಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣಗಳಿರುವವರಿಗೆ ಇದು ಅನ್ವಯಿಸದು. ಜಾಮೀನು ಸಿಕ್ಕಿಯೂ ಹಣ ಕಟ್ಟಲಾಗದೆ ಒಳಗೇ ಉಳಿದ ಬಡವರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಒಂದು ನೆರವಿನ ಯೋಜನೆಯನ್ನು ರೂಪಿಸಿದೆ. ನಮ್ಮ ಸ್ತ್ರೀಯರ ಸಂಘಗಳ ಒಂದು ಮಾಸಿಕ ಸಭೆಯನ್ನು ಇದಕ್ಕಾಗಿ ಮೀಸಲಿಟ್ಟು, ಪ್ರಾಧಿಕಾರದ ವಕೀಲರೊಬ್ಬರನ್ನು ಕರೆಸಿ ಕೇಳಬಾರದೇಕೆ?

ಎರಡನೆಯದಾಗಿ, ನಮ್ಮ ಯುವಕ ಯುವತಿಯರು ಇಂಥ ಅಧ್ಯಯನಕ್ಕೆ ಹೊರಟರೆ ತಂದೆತಾಯಿಗಳು ಅಡ್ಡ ನಿಲ್ಲದಿರಲಿ. ಸೆರೆಮನೆಯ ಬಾಗಿಲಿನ ಒಳಗೆ ಹೋಗಿ ಬಂದ ಮಾತ್ರಕ್ಕೆ ಹೆಣ್ಣುಮಗಳಿಗೆ ಕಳಂಕ ತಟ್ಟುತ್ತದೆಂದರೆ, ಬಂದಿಗಳನ್ನು ಸಂದರ್ಶಿಸುವುದು ಕರುಣೆಯ ಕಾರ್ಯಗಳಲ್ಲೊಂದು ಎಂದು ಮೊದಲ ಪರಮಪ್ರಸಾದದ ಮಕ್ಕಳಿಗೆ ನಾವು ಏನೆಂದು ಕಲಿಸುತ್ತಿದ್ದೇವೆ?

ಮೂರನೆಯದು ಎಲ್ಲಕ್ಕಿಂತ ಕಷ್ಟವಾದುದು. ಬಿಡುಗಡೆಯಾಗಿ ಬಂದವಳಿಗೆ ಬಾಡಿಗೆಗೆ ಒಂದು ಕೋಣೆ, ಮನೆಗೆಲಸವೋ ಹೊಲಿಗೆಯೋ ಒಂದು ದುಡಿಮೆ, ಅವಳ ಮಗುವಿಗೆ ಶಾಲೆಯಲ್ಲಿ ಒಂದು ಜಾಗ. ಇವನ್ನು ಸರ್ಕಾರದ ಆದೇಶದಿಂದ ಪೂರ್ತಿಯಾಗಿ ಕೊಡಿಸಲಾಗದು; ಮನೆ, ಅಂಗಡಿ, ಶಾಲೆಗಳನ್ನು ನಡೆಸುವ ನಮ್ಮಂಥ ಕುಟುಂಬಗಳೇ ಕೊಡಬೇಕು. ಅವಳ ಕಥೆಯನ್ನು ಕೆದಕದೆ ಕೊಡಬೇಕು. ಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಿಂತಾಗ ಅವಳ ಕಡೆ ಬೆರಳು ತೋರಿಸಿ ಪಿಸುಗುಟ್ಟದೆ ಕೊಡಬೇಕು.

ಆ ಹುಡುಗಿಯ ಪ್ರಬಂಧ ಈಗ ವಿಶ್ವವಿದ್ಯಾಲಯಕ್ಕೆ ಸಲ್ಲಿಕೆಯಾಗಿದೆ. ಅವಳ ತಾಯಿ ಕಳೆದ ವಾರ ಹಳೆಯ ಸೀರೆಗಳ ಒಂದು ಗಂಟನ್ನು ಹೊತ್ತು ಕಚೇರಿಗೆ ಬಂದಿದ್ದರು. “ಫಾದರ್, ಒಳಗೆ ಹೊಲಿಗೆ ಕಲಿಯುವವರಿಗೆ ಬಟ್ಟೆ ಸಾಲದಂತೆ. ಯಾರನ್ನ ಕೇಳಿ ಕೊಡಬೇಕು ಅಂತ ವಿಚಾರಿಸಿ ಹೇಳುತ್ತೀರಾ?” ಎಂದರು. ಈ ಸಲ ನಾನು ಮುಂದಿನ ವಾರ ಬನ್ನಿ ಎನ್ನಲಿಲ್ಲ. ಅವರು ಎದುರಿಗೆ ಕುಳಿತಿರುವಾಗಲೇ ಅಧೀಕ್ಷಕರಿಗೆ ಪತ್ರ ಬರೆದು ಅವರ ಕೈಗೆ ಕೊಟ್ಟೆ.